ಹೊಲಕ್ಕೆ ಮುದ್ರೆ ಬಿತ್ತು, ಕೊಪ್ಪರಿಗೆಗೆ ಯಾರು ಸಾಕ್ಷಿ?

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಿರಾಣಿ ಅಂಗಡಿಗಳಲ್ಲಿ ಬೆಲ್ಲ ಈಚಿನ ವರ್ಷಗಳಲ್ಲಿ ವೇಷ ಬದಲಿಸಿದೆ. ಪೆಂಟಿ ಒಡೆದು ತೂಗಿ ಕೊಡುತ್ತಿದ್ದ ಜಾಗದಲ್ಲಿ ಈಗ ಅರ್ಧ ಕಿಲೋದ ಪೊಟ್ಟಣ, ಡಬ್ಬಿಯಲ್ಲಿ ಬೆಲ್ಲದ ಪುಡಿ, ಬಾಟಲಿಯಲ್ಲಿ ಕಾಕಂಬಿ. ಮೇಲೆ ಒಂದು ಹಸಿರೆಲೆ, ಒಂದು ಆಕಳ ಚಿತ್ರ, ದಪ್ಪ ಅಕ್ಷರದಲ್ಲಿ ‘ಸಾವಯವ’ ಇಲ್ಲವೆ ‘ರಾಸಾಯನಿಕ ಮುಕ್ತ’. ಬೆಲೆ ಪೆಂಟಿ ಬೆಲ್ಲಕ್ಕಿಂತ ಹೆಚ್ಚು. ಮನೆಯಲ್ಲಿ ಬಾಣಂತಿಯೋ ಸಕ್ಕರೆ ಬಿಡಿಸಬೇಕಾದ ಕೂಸೋ ಇದ್ದರೆ ಜನ ಆ ಹೆಚ್ಚಿನ ದುಡ್ಡನ್ನು ಚೌಕಾಸಿ ಇಲ್ಲದೆ ಕೊಡುತ್ತಾರೆ. ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು ಎಂದು ಕೇಳಿದರೆ ಮಾತ್ರ ಅಂಗಡಿಯವರಿಗೂ ಉತ್ತರ ಸಲೀಸಾಗಿ ಬರುವುದಿಲ್ಲ.

ಸಾವಯವ ಎಂಬ ಮುದ್ರೆ ಒಂದಲ್ಲ. ಅದನ್ನು ಕೊಡುವವರು ಬೇರೆ ಬೇರೆ, ಅವರು ನೋಡುವುದೂ ಬೇರೆ ಬೇರೆ. ಈ ಮುದ್ರೆಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿದಾಗ ನನಗೆ ಸ್ಪಷ್ಟವಾಗಿ ಕಂಡದ್ದು ಇಷ್ಟು: ನಮ್ಮ ಕಡೆಯ ಪ್ರಮಾಣಪತ್ರಗಳ ಕಣ್ಣು ಹೆಚ್ಚಾಗಿ ಹೊಲದ ಮೇಲಿದೆ, ಬೆಲ್ಲ ಕೆಡುವುದು ಹೆಚ್ಚಾಗಿ ಕೊಪ್ಪರಿಗೆಯಲ್ಲಿ. ಇವೆರಡರ ನಡುವಿನ ದಾರಿಯಲ್ಲೇ ಗ್ರಾಹಕನೂ ಪ್ರಾಮಾಣಿಕ ರೈತನೂ ಒಟ್ಟಿಗೆ ಮೋಸಹೋಗುತ್ತಿದ್ದಾರೆ.

ಮೂರೂ ತಾಲ್ಲೂಕುಗಳ ಬದುಕು ಘಟಪ್ರಭೆಯ ನೀರಿನ ಮೇಲೆ ನಿಂತಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯವಿದೆ. ಕೆಳಗೆ ಧೂಪದಾಳದಲ್ಲಿ 1897ರಲ್ಲೇ ಕಟ್ಟಿದ ಅಣೆಕಟ್ಟೆಯಿಂದ ಎಡದಂಡೆ ಕಾಲುವೆ ಹೊರಟು ಮೂಡಲಗಿ ಕಡೆಯ ಎರಿ ಭೂಮಿಗೆ ನೀರುಣಿಸುತ್ತದೆ. ನೀರು ಬಂದ ಕಡೆ ಕಬ್ಬು ಬಂತು, ಅರಿಷಿಣ ಬಂತು, ಗೋವಿನಜೋಳ ಬಂತು. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಕಬ್ಬಿನ ತಳಿಗಳು ಊರಿನ ಹೆಸರನ್ನೇ ‘ಎಸ್‌ಎನ್‌ಕೆ’ ಎಂದು ಹೊತ್ತುಕೊಂಡಿವೆ. ಕಬ್ಬಿನ ದೊಡ್ಡ ಪಾಲು ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ, ಉಳಿದದ್ದು ಗಾಣಕ್ಕೆ. ಸಾವಯವದ ಹೆಸರಿನಲ್ಲಿ ನಮ್ಮ ಕಡೆಯಿಂದ ಹೊರಗಿನ ಪೇಟೆಗೆ ಹೋಗುವ ಮಾಲುಗಳಲ್ಲಿ ಬೆಲ್ಲ ಮುಖ್ಯವಾದದ್ದು. ಆದ್ದರಿಂದ ಮುದ್ರೆಯ ಪ್ರಶ್ನೆ ಇಲ್ಲಿ ಬೆಲ್ಲದ ಪ್ರಶ್ನೆಯೇ.

ಗಾಣದ ಕೆಲಸವನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಅರೆದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ, ಕೆಳಗೆ ಒಣಗಿದ ಸಿಪ್ಪೆಯ ಉರಿ. ಹಾಲು ಕಾದಂತೆ ಹಸಿರು ಮಿಶ್ರಿತ ಕಂದು ನೊರೆ ಏಳುತ್ತದೆ. ಜಜ್ಜಿದ ಬೆಂಡೆಗಿಡದ ಲೋಳೆ ಹಾಕಿದರೆ ಆ ಕೊಳೆಯೆಲ್ಲ ಮೇಲೆ ಬಂದು ಕಟ್ಟಿಕೊಳ್ಳುತ್ತದೆ. ಅದನ್ನು ಜಾಲರಿಯಿಂದ ಎತ್ತಿ ಚೆಲ್ಲುತ್ತಾರೆ. ಹುಳಿಯಂಶ ತಗ್ಗಿಸಲು ಒಂದಿಷ್ಟು ತಿಳಿಸುಣ್ಣ. ಗಂಟೆಗಟ್ಟಲೆ ಕುದಿದ ಮೇಲೆ ಪಾಕ ನೋಡುವ ಹಿರಿಯ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಉಷ್ಣತೆ ಸುಮಾರು 105 ಡಿಗ್ರಿಯಲ್ಲಿದ್ದಾಗ ಇಳಿಸಿದರೆ ಕಾಕಂಬಿ, 118ರ ಹತ್ತಿರ ಇಳಿಸಿದರೆ ಗಟ್ಟಿ ಬೆಲ್ಲ. ಒಂದು ಕ್ವಿಂಟಲ್ ಕಬ್ಬಿಗೆ ಹತ್ತು ಹನ್ನೊಂದು ಕಿಲೋ ಬೆಲ್ಲ. ಇಷ್ಟರಲ್ಲಿ ಸುಣ್ಣ ಬಿಟ್ಟರೆ ಬೇರೆ ರಾಸಾಯನಿಕದ ಅಗತ್ಯ ಎಲ್ಲಿಯೂ ಇಲ್ಲ.

ಅಗತ್ಯ ಹುಟ್ಟುವುದು ಪೇಟೆಯಲ್ಲಿ. ಸವಾಲಿನ ಕಟ್ಟೆಯ ಮೇಲೆ ಹಳದಿ ಬೆಲ್ಲಕ್ಕೆ ಒಂದು ದರ, ಕಂದು ಬೆಲ್ಲಕ್ಕೆ ಇನ್ನೊಂದು. ಗಾಣದ ಮಾಲೀಕರ ಮಾತು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: “ಪುಡಿ ಹಾಕಲಿಲ್ಲಂದ್ರ ಸವಾಲದಾಗ ನಮ್ಮ ಬೆಲ್ಲಾ ಕೇಳಾವ್ರ ಇಲ್ರಿ.” ಆ ಪುಡಿ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವ ಉದ್ಯಮದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ವಸ್ತು. ಇಳಿಸುವ ಹೊತ್ತಿಗೆ ಒಂದಿಷ್ಟು ಎರಚಿದರೆ ಪಾಕದ ಕಂದು ಬಣ್ಣ ತೊಳೆದುಹೋಗಿ ಬೆಲ್ಲ ಬಂಗಾರದಂತೆ ಹೊಳೆಯುತ್ತದೆ. ಆ ಹೊಳಪು ಉಳಿಯುವುದಿಲ್ಲ, ಕೆಲವು ತಿಂಗಳಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಗಂಧಕದ ಅಂಶ ಮಾತ್ರ ಒಳಗೆ ಕುಳಿತಿರುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ಆಹಾರ ಕಾನೂನು ಹೇಳುತ್ತದೆ. ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಉಬ್ಬಸ ತರಿಸುತ್ತದೆ ಎಂಬುದು ವೈದ್ಯರಿಗೆ ತಿಳಿದ ಸಂಗತಿ. ಮುಷ್ಟಿಯಿಂದ ಎರಚುವ ಗಾಣದಲ್ಲಿ ಮಿಲಿಗ್ರಾಂ ಲೆಕ್ಕ ಹಿಡಿಯುವವರು ಯಾರು?

ಇಲ್ಲಿ ಒಂದು ಪರದೇಶದ ಜಗಳವನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಸರಿಯಾಗಿ ಇದೇ ಗಂಧಕದ ಜಗಳ. ವೈನ್ ಕೆಡದಂತೆ ಸಲ್ಫೈಟ್ ಹಾಕುವುದು ಹಳೆಯ ರೂಢಿ. ದ್ರಾಕ್ಷಿ ತೋಟವನ್ನು ಸಾವಯವವಾಗಿ ಮಾಡಿದವರು ಬಾಟಲಿಯ ಮೇಲೆ ಏನು ಬರೆಯಬೇಕು ಎಂಬ ಪ್ರಶ್ನೆ ಯುರೋಪಿನಲ್ಲಿ ಬಹುಕಾಲ ಬಗೆಹರಿಯಲಿಲ್ಲ. 2012ರವರೆಗೆ ಅಲ್ಲಿ ‘ಸಾವಯವ ವೈನ್’ ಎಂದು ಬರೆಯಲು ಅವಕಾಶವೇ ಇರಲಿಲ್ಲ, ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್’ ಎಂದಷ್ಟೇ ಬರೆಯಬೇಕಿತ್ತು. ತೋಟಕ್ಕೆ ನಿಯಮವಿತ್ತು, ಪೀಪಾಯಿಗೆ ಇರಲಿಲ್ಲ. 2012ರಲ್ಲಿ ಪೀಪಾಯಿಗೂ ನಿಯಮ ಬಂತು: ಸಾವಯವ ಎನಿಸಿಕೊಳ್ಳಬೇಕಾದರೆ ಸಿಹಿಯಿಲ್ಲದ ಕೆಂಪು ವೈನಿನಲ್ಲಿ ಲೀಟರಿಗೆ 100 ಮಿಲಿಗ್ರಾಂ, ಬಿಳಿಯದರಲ್ಲಿ 150 ಮಿಲಿಗ್ರಾಂ ಸಲ್ಫೈಟ್ ಮೀರಬಾರದು. ಸಾಮಾನ್ಯ ವೈನಿಗೆ ಇದೇ ಮಿತಿ 150 ಮತ್ತು 200. ಅಮೆರಿಕ ಇನ್ನೂ ಬಿಗಿ. ಅಲ್ಲಿ ಸಲ್ಫೈಟ್ ಹಾಕಿದ ಯಾವ ವೈನೂ ‘ಸಾವಯವ ವೈನ್’ ಆಗುವುದಿಲ್ಲ, ‘ಸಾವಯವ ದ್ರಾಕ್ಷಿಯಿಂದ ಮಾಡಿದ್ದು’ ಎಂಬ ಎರಡನೇ ಸಾಲಿಗೆ ಇಳಿಯುತ್ತದೆ. ಹೀಗೆ ಒಂದೇ ಬಾಟಲಿ ಪ್ಯಾರಿಸ್ಸಿನಲ್ಲಿ ಸಾವಯವ, ನ್ಯೂಯಾರ್ಕಿನಲ್ಲಿ ಅಲ್ಲ. ಯಾರು ಸರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಎರಡೂ ಕಡೆಯವರು ಒಂದು ಮಾತನ್ನು ಒಪ್ಪಿದ್ದಾರೆ: ಹೊಲ ಶುದ್ಧವಾದ ಮಾತ್ರಕ್ಕೆ ಪದಾರ್ಥ ಶುದ್ಧವಾಗುವುದಿಲ್ಲ, ಎರಡಕ್ಕೂ ಬೇರೆ ಬೇರೆ ಸಾಕ್ಷಿ ಬೇಕು.

ದ್ರಾಕ್ಷಿ ನಮಗೂ ದೂರದ್ದಲ್ಲ. ನಮ್ಮ ಬೆಳಗಾವಿ ಜಿಲ್ಲೆಯದೇ ಆದ ಅಥಣಿ ತಾಲ್ಲೂಕಿನ ತೆಲಸಂಗ ಸೀಮೆ ದ್ರಾಕ್ಷಿಗೂ ಒಣದ್ರಾಕ್ಷಿಗೂ ಹೆಸರಾಗಿದೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ದ್ರಾಕ್ಷಾರಸ ಮಂಡಳಿ ಕಟ್ಟಿದಾಗ ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯನ್ನೂ ಎಣಿಸಿತ್ತು. ದ್ರಾಕ್ಷಿ ಬೆಳೆಗಾರರಿಗೆಲ್ಲ ಬೋರ್ಡೋ ದ್ರಾವಣ ಗೊತ್ತು. ಮೈಲುತುತ್ತ ಮತ್ತು ಸುಣ್ಣ ಕೂಡಿಸಿದ ಆ ನೀಲಿ ನೀರಿಗೆ ಫ್ರಾನ್ಸಿನ ವೈನ್ ಸೀಮೆಯ ಹೆಸರೇ ಬಂದಿದೆ, ಅಲ್ಲಿಯೇ 1880ರ ದಶಕದಲ್ಲಿ ಅದು ಬಳಕೆಗೆ ಬಂದದ್ದು. ಈ ದ್ರಾವಣ ಸಾವಯವದಲ್ಲೂ ನಡೆಯುತ್ತದೆ! ತಾಮ್ರ ಮಣ್ಣಿನಲ್ಲಿ ಉಳಿದು ಎರೆಹುಳುವಿಗೆ ಹಾನಿ ಮಾಡುತ್ತದೆ ಎಂದು ತಿಳಿದ ಮೇಲೆ ಯುರೋಪು 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಹಾಕಿತು. ‘ಸಾವಯವ’ ಎಂದರೆ ಏನೂ ಸಿಂಪಡಿಸಿಲ್ಲ ಎಂದು ತಿಳಿಯುವವರು ಇದನ್ನು ನೆನಪಿಡಬೇಕು. ಇಂಥದ್ದನ್ನು ಇಷ್ಟು ಬಳಸಬಹುದು, ಇಂಥದ್ದನ್ನು ಬಳಸಲೇಬಾರದು ಎಂಬ ಪಟ್ಟಿಗೆ ಬದ್ಧನಾಗಿದ್ದೇನೆ ಎಂಬುದಷ್ಟೇ ಅದರ ಅರ್ಥ.

ನಮ್ಮ ದೇಶದಲ್ಲಿ ಆ ಪಟ್ಟಿ ಎರಡು ದಾರಿಯಲ್ಲಿ ಬರುತ್ತದೆ. ಮೊದಲನೆಯದು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ, ಎನ್‌ಪಿಒಪಿ. ಕೇಂದ್ರ ವಾಣಿಜ್ಯ ಇಲಾಖೆಯ ಅಪೆಡಾ ಇದನ್ನು ನಡೆಸುತ್ತದೆ, ‘ಇಂಡಿಯಾ ಆರ್ಗ್ಯಾನಿಕ್’ ಮುದ್ರೆ ಇದರದೇ. ಮೂಲತಃ ರಫ್ತಿಗಾಗಿ ಹುಟ್ಟಿದ್ದು. ಹೊರಗಿನ ಪ್ರಮಾಣನ ಸಂಸ್ಥೆಯ ಪರಿವೀಕ್ಷಕ ಬಂದು ಹೊಲ, ದಾಸ್ತಾನು, ವಹಿ ಎಲ್ಲವನ್ನೂ ನೋಡುತ್ತಾನೆ. ವಾರ್ಷಿಕ ಬೆಳೆಗೆ ಎರಡು ವರ್ಷ, ಬಹುವಾರ್ಷಿಕಕ್ಕೆ ಮೂರು ವರ್ಷ ಪರಿವರ್ತನೆಯ ಅವಧಿ. ಒಬ್ಬನೇ ಸಣ್ಣ ರೈತನಿಗೆ ಇದರ ಖರ್ಚು ಹೊರಲಾಗದು, ಅದಕ್ಕೆ 25ರಿಂದ 500 ರೈತರ ಗುಂಪಿಗೆ ಒಟ್ಟಾಗಿ ಪ್ರಮಾಣಪತ್ರ ಪಡೆಯುವ ಅವಕಾಶವಿದೆ. ಕರ್ನಾಟಕದಲ್ಲಿ ಖಾಸಗಿ ಸಂಸ್ಥೆಗಳ ಜೊತೆ ಸರ್ಕಾರದ್ದೇ ಆದ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಈ ಕೆಲಸ ಮಾಡುತ್ತದೆ. 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು ಎಂಬುದನ್ನು ಇಲ್ಲಿ ಹೆಮ್ಮೆಯಿಂದಲೇ ಹೇಳಬೇಕು.

ಎರಡನೆಯದು ಪಿಜಿಎಸ್, ಸಹಭಾಗಿತ್ವದ ಖಾತರಿ. 2011ರಲ್ಲಿ ಕೇಂದ್ರ ಕೃಷಿ ಇಲಾಖೆ ತಂದದ್ದು. ಕನಿಷ್ಠ ಐವರು ರೈತರು ಗುಂಪು ಕಟ್ಟಿಕೊಂಡು, ಪ್ರತಿಜ್ಞೆ ಮಾಡಿ, ಒಬ್ಬರ ಹೊಲವನ್ನು ಮತ್ತೊಬ್ಬರು ಪರಿಶೀಲಿಸುತ್ತಾರೆ. ಪರಿವರ್ತನೆಯಲ್ಲಿರುವವರಿಗೆ ‘ಪಿಜಿಎಸ್ ಗ್ರೀನ್’, ಮುಗಿಸಿದವರಿಗೆ ‘ಪಿಜಿಎಸ್ ಆರ್ಗ್ಯಾನಿಕ್’. ಇದು ರಫ್ತಿಗೆ ನಡೆಯದು, ಊರ ಪೇಟೆಗೆ ಸಾಕು. ನೆರೆಯವನ ಕಣ್ಣು ತಪ್ಪಿಸುವುದು ವರ್ಷಕ್ಕೊಮ್ಮೆ ಬರುವ ಪರಿವೀಕ್ಷಕನ ಕಣ್ಣು ತಪ್ಪಿಸುವುದಕ್ಕಿಂತ ಕಷ್ಟ, ಹಾಗಾಗಿ ಇದು ಹಗುರಾದ ವ್ಯವಸ್ಥೆ ಎಂದು ನಾನು ತಿಳಿಯುವುದಿಲ್ಲ. ಬೀಗರು, ಅಣ್ಣತಮ್ಮಂದಿರು ಇರುವ ಗುಂಪಿನಲ್ಲಿ ತಪ್ಪು ಕಂಡರೂ ಹೇಳಲು ನಾಲಿಗೆ ಏಳುವುದಿಲ್ಲ ಎಂಬ ದೌರ್ಬಲ್ಯವೂ ಇದಕ್ಕಿದೆ.

ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2017ರಲ್ಲಿ ಸಾವಯವ ಆಹಾರದ ನಿಯಮ ತಂದು, ಈ ಎರಡರಲ್ಲಿ ಒಂದಿಲ್ಲದೆ ಪೊಟ್ಟಣದ ಮೇಲೆ ‘ಸಾವಯವ’ ಎಂದು ಬರೆದು ಮಾರಬಾರದು ಎಂದಿತು. ‘ಜೈವಿಕ್ ಭಾರತ್’ ಮುದ್ರೆ ಆಗ ಬಂದದ್ದು. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಉತ್ಪಾದಕ ತಾನೇ ನೇರವಾಗಿ ಗ್ರಾಹಕನಿಗೆ ಮಾರುವುದಾದರೆ ವಿನಾಯಿತಿ ಉಂಟು, ಆದರೆ ಅವನು ಆ ಮುದ್ರೆ ಹಾಕುವಂತಿಲ್ಲ. ಸಂತೆಯಲ್ಲಿ ತನ್ನ ಬೆಲ್ಲ ತಾನೇ ಮಾರುವ ಮೂಡಲಗಿಯ ರೈತ ಕಾನೂನಿನ ಪ್ರಕಾರವೇ ಸರಿ. ಅದೇ ಬೆಲ್ಲ ಕೊಂಡು ಹಸಿರೆಲೆ ಚಿತ್ರ ಹಚ್ಚಿ ಬೆಳಗಾವಿಯ ಅಂಗಡಿಯಲ್ಲಿಡುವ ವ್ಯಾಪಾರಿ ಪ್ರಮಾಣಪತ್ರವಿಲ್ಲದಿದ್ದರೆ ಅಪರಾಧಿ.

ಈಗ ಕೊಪ್ಪರಿಗೆಗೆ ಮರಳೋಣ. ಎನ್‌ಪಿಒಪಿಯಲ್ಲಿ ಸಂಸ್ಕರಣೆಗೂ ಪಟ್ಟಿ ಇದೆ, ಸುಣ್ಣಕ್ಕೆ ಅದರಲ್ಲಿ ಜಾಗವಿದೆ, ಹೈಡ್ರೋಸ್‌ಗೆ ಇಲ್ಲ. ಆದರೆ ಗಾಣಕ್ಕೂ ಪ್ರಮಾಣಪತ್ರ ಇದ್ದಾಗ ಮಾತ್ರ ಆ ಪಟ್ಟಿ ಲೆಕ್ಕಕ್ಕೆ ಬರುತ್ತದೆ. ಸ್ವಂತ ಗಾಣ ಇರುವ ಸಾವಯವ ರೈತರು ಎಷ್ಟು ಜನ? ಬಹಳಷ್ಟು ಮಂದಿ ಬಾಡಿಗೆ ಗಾಣಕ್ಕೆ ಕಬ್ಬು ಒಯ್ಯುತ್ತಾರೆ. ಬೆಳಿಗ್ಗೆ ಒಬ್ಬನ ಹೈಡ್ರೋಸ್ ಬೆಲ್ಲ ಇಳಿದ ಕೊಪ್ಪರಿಗೆಯಲ್ಲೇ ಮಧ್ಯಾಹ್ನ ಇವರ ಹಾಲು ಕುದಿಯುತ್ತದೆ. ಪಿಜಿಎಸ್ ಮುದ್ರೆಯ ಹೊಣೆ ಮಾಲು ಗುಂಪಿನ ಕೈಯಲ್ಲಿರುವವರೆಗೆ ಮಾತ್ರ, ಗಾಣ ಗುಂಪಿನದಲ್ಲದಿದ್ದರೆ ಸರಪಳಿ ಅಲ್ಲಿಗೇ ಕಡಿಯುತ್ತದೆ. ಮೂರು ವರ್ಷ ಇಳುವರಿ ಕಳೆದುಕೊಂಡು, ಕೊಟ್ಟಿಗೆ ಗೊಬ್ಬರ ಹೊತ್ತು, ಕಳೆನಾಶಕ ಬಿಟ್ಟು ಆಳು ಹಚ್ಚಿ ಕಳೆ ಕೀಳಿಸಿದ ರೈತನ ಶ್ರಮ ಒಂದು ಮುಷ್ಟಿ ಪುಡಿಯಲ್ಲಿ ನೀರುಪಾಲಾಗುವುದು ನನಗೆ ಸಹಿಸಲಾಗದ ಸಂಗತಿ.

ಕಥೆ ಹೊಲದಲ್ಲೂ ಸರಳವಿಲ್ಲ. ಕಾಲುವೆ ಸೀಮೆಯಲ್ಲಿ ಹೊಲಗಳು ಒಂದಕ್ಕೊಂದು ತಾಗಿಕೊಂಡಿವೆ. ಮೇಲಿನವನು ಕಳೆನಾಶಕ ಹೊಡೆದ ಹೊಲದ ನೀರು ಕೆಳಗಿನವನ ಕಬ್ಬಿಗೆ ಹರಿಯುತ್ತದೆ. ನಿಯಮದಲ್ಲಿ ತಡೆಪಟ್ಟಿ ಬಿಡಬೇಕೆಂದಿದೆ, ಎರಡು ಎಕರೆಯವನು ಅದಕ್ಕೆ ಎಷ್ಟು ನೆಲ ಬಿಟ್ಟಾನು? ಒಂದು ಕಾಲುವೆಯ ಒಂದು ಕವಲಿನ ರೈತರೆಲ್ಲ ಒಟ್ಟಿಗೆ ಬಂದರೆ ಮಾತ್ರ ಇಲ್ಲಿ ಸಾವಯವಕ್ಕೆ ಅರ್ಥ ಬರುತ್ತದೆ.

ಇನ್ನೊಂದು ದೊಡ್ಡ ಸಂಗತಿಯ ಮೇಲೆ ಸಾವಯವ ಮುದ್ರೆಯ ಕಣ್ಣು ಬೀಳುವುದು ಕಡಿಮೆ: ನೀರು. ಕಬ್ಬಿಗೆ ಹಗಲು ರಾತ್ರಿ ನೀರು ಬಿಟ್ಟು ಘಟಪ್ರಭೆಯ ಅಚ್ಚುಕಟ್ಟಿನಲ್ಲಿ ಎಷ್ಟೋ ಎರಿ ಭೂಮಿ ಸವಳು ಜವಳಾಗಿದೆ. ಆ ನೆಲದ ಕಬ್ಬಿನ ಬೆಲ್ಲಕ್ಕೆ ಉಪ್ಪಿನ ರುಚಿ, ಬಣ್ಣವೂ ಕಪ್ಪು, ಮಳೆಗಾಲದಲ್ಲಿ ಬೇಗ ಕರಗುತ್ತದೆ. ಬಣ್ಣ ಬರದವನಿಗೆ ಹೈಡ್ರೋಸ್‌ನ ಆಸೆ ಇನ್ನಷ್ಟು ಬಲ. ಅಂದರೆ ಕಾಲುವೆಯಲ್ಲಿ ಮಾಡಿದ ತಪ್ಪನ್ನು ಕೊಪ್ಪರಿಗೆಯಲ್ಲಿ ಮುಚ್ಚುತ್ತಿದ್ದೇವೆ. ಒಂದು ಹೊಲ ನೀರಿನಲ್ಲಿ ಮುಳುಗಿ ಜವಳಾಗುತ್ತಿದ್ದರೂ ಕಾಗದದ ಮೇಲೆ ಸಾವಯವವಾಗಿಯೇ ಇರಬಹುದು.

ನೀರು, ವಿದ್ಯುತ್ತು, ತ್ಯಾಜ್ಯ, ಕೂಲಿಕಾರರ ಸ್ಥಿತಿ ಎಣಿಸುವ ಮುದ್ರೆಗಳು ಬೇರೆ ಇವೆ. ನ್ಯೂಜಿಲೆಂಡಿನ ವೈನ್ ಬೆಳೆಗಾರರು 1990ರ ದಶಕದಲ್ಲೇ ಅಂಥ ಸುಸ್ಥಿರತೆಯ ಕಾರ್ಯಕ್ರಮ ಕಟ್ಟಿದರು. ಫ್ರಾನ್ಸಿನಲ್ಲಿ ‘ಉನ್ನತ ಪರಿಸರ ಮೌಲ್ಯ’ ಎಂಬ ಸರ್ಕಾರಿ ಮುದ್ರೆ ಇದೆ. ಕಬ್ಬಿಗೆ ಜಾಗತಿಕವಾಗಿ ‘ಬೊನ್ಸುಕ್ರೊ’ ಇದೆ, ಆದರೆ ಅದು ಹೆಚ್ಚಾಗಿ ಕಾರ್ಖಾನೆಗಳ ಮಟ್ಟದ್ದು, ಸಣ್ಣ ಗಾಣದ ಕೈಗೆ ಎಟುಕದು. ಈ ಮುದ್ರೆಗಳಲ್ಲಿ ರಾಸಾಯನಿಕಕ್ಕೆ ಪೂರ್ತಿ ನಿಷೇಧವಿಲ್ಲ. ಫ್ರಾನ್ಸಿನ ಸಾವಯವ ರೈತರು ತಮ್ಮ ಸರ್ಕಾರದ ಮುದ್ರೆಯನ್ನು ಗ್ರಾಹಕರ ಕಣ್ಣಿಗೆ ಮಣ್ಣೆರಚುವಂಥದ್ದು ಎಂದು ಟೀಕಿಸಿದ್ದು ಇದೇ ಕಾರಣಕ್ಕೆ.

ಮುದ್ರೆ ಇದ್ದಲ್ಲಿ ಮೋಸವೂ ನಡೆದಿದೆ, ಅದನ್ನು ಮುಚ್ಚಿಡಬಾರದು. ಜಾಗತಿಕ ಸಾವಯವ ಜವಳಿ ಸಂಸ್ಥೆ 2020ರಲ್ಲಿ ಭಾರತದ 20,000 ಟನ್ ಹತ್ತಿಗೆ ಸುಳ್ಳು ಸಾವಯವ ಕಾಗದ ಸೃಷ್ಟಿಯಾದದ್ದನ್ನು ಹೊರಗೆಳೆಯಿತು. ಅಮೆರಿಕದ ಕೃಷಿ ಇಲಾಖೆ 2021ರ ಜನವರಿಯಲ್ಲಿ ಅಪೆಡಾ ಜೊತೆಗಿನ ಸಾವಯವ ಮಾನ್ಯತೆಯ ಒಪ್ಪಂದವನ್ನೇ ಕೊನೆಗೊಳಿಸಿತು. ಆ ಪೆಟ್ಟು ಬಿದ್ದದ್ದು ಸುಳ್ಳು ಕಾಗದ ಮಾಡಿದವರ ಮೇಲೆ ಮಾತ್ರವಲ್ಲ, ನಿಯಮದಂತೆ ನಡೆದ ಸಣ್ಣ ರೈತರ ಮೇಲೂ. 2025ರ ಜನವರಿಯಲ್ಲಿ ಎನ್‌ಪಿಒಪಿಯ ಎಂಟನೇ ಆವೃತ್ತಿ ಬಂದಿದೆ, ರೈತ ಗುಂಪುಗಳ ಮೇಲಿನ ನಿಯಮ ಬಿಗಿಯಾಗಿದೆ. ಒಳ್ಳೆಯದೇ. ಕಾಗದದ ಕೆಲಸ ಹೆಚ್ಚಿದಷ್ಟೂ ಸಣ್ಣವನಿಗೆ ನೆರವಿನ ಕೈ ಹೆಚ್ಚಬೇಕು.

ಪೊಟ್ಟಣದ ಮೇಲಿನ ಉಳಿದ ಗುರುತುಗಳ ಬಗ್ಗೆ ಎರಡು ಮಾತು ಸಾಕು. 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಪರವಾನಗಿ ಮಾತ್ರ, ಸಾವಯವಕ್ಕೆ ಸಾಕ್ಷಿಯಲ್ಲ. ಅಗ್‌ಮಾರ್ಕ್ ಗುಣಮಟ್ಟದ ದರ್ಜೆ. ಗಡಿಯಾಚೆಯ ಕೊಲ್ಹಾಪುರ ಬೆಲ್ಲಕ್ಕೆ ಸಿಕ್ಕಿರುವ ಭೌಗೋಳಿಕ ಗುರುತು ಊರನ್ನು ಹೇಳುತ್ತದೆ, ಅಲ್ಲಿ ಗೊಬ್ಬರ ಯಾವುದು ಹಾಕಿದರೆಂದು ಹೇಳುವುದಿಲ್ಲ. ‘ನೈಸರ್ಗಿಕ’, ‘ದೇಶಿ’, ‘ಕೆಮಿಕಲ್ ಫ್ರೀ’ ಎಂಬವುಗಳ ಹಿಂದೆ ಯಾವ ಪರಿವೀಕ್ಷಕನೂ ಇಲ್ಲ.

ದಾರಿ ಇಲ್ಲಿಯೇ ಇದೆ ಎಂದು ನನ್ನ ನಂಬಿಕೆ. ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ಇದೆ, ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಿದೆ. ಗಂಧಕದ ಪರೀಕ್ಷೆ ದೊಡ್ಡ ವಿದ್ಯೆಯಲ್ಲ. ಈ ಸಂಸ್ಥೆಗಳು ಹೋಬಳಿಗೊಂದಾದರೂ ಹೈಡ್ರೋಸ್ ಒಳಗೆ ಬಾರದ ಗಾಣಕ್ಕೆ ಪ್ರಮಾಣಪತ್ರ ಕೊಡಿಸಿ, ಹಂಗಾಮಿನಲ್ಲಿ ಬೆಲ್ಲದ ಮಾದರಿ ಪರೀಕ್ಷಿಸಿ, ಫಲಿತಾಂಶವನ್ನು ಗಾಣದ ಬಾಗಿಲಲ್ಲೇ ಬರೆದು ಹಾಕಲಿ. ರೈತ ಉತ್ಪಾದಕ ಸಂಸ್ಥೆಗಳಿಗೆ ಕೊಡುವ ಅನುದಾನದಲ್ಲಿ ಗೊಬ್ಬರದ ತೊಟ್ಟಿಗಿಂತ ಮೊದಲು ಈ ಗಾಣ ಬರಲಿ.

ಗೋಕಾಕದ ಕರದಂಟು ತಯಾರಕರಲ್ಲಿ ಒಂದು ವಿನಂತಿ. ನಿಮ್ಮ ತಿಂಡಿಯ ಜೀವ ಬೆಲ್ಲ. ಕರದಂಟಿನ ಬಣ್ಣ ಹೇಗೂ ಕಂದು, ಹಳದಿ ಬೆಲ್ಲ ನಿಮಗೆ ಬೇಕಿಲ್ಲ. ಹೈಡ್ರೋಸ್ ಇಲ್ಲದ ಬೆಲ್ಲವನ್ನೇ ಪರೀಕ್ಷಾ ವರದಿ ನೋಡಿ ಒಳ್ಳೆಯ ದರಕ್ಕೆ ಕೊಳ್ಳುತ್ತೇವೆ ಎಂದು ನೀವು ನಾಲ್ಕು ಮಂದಿ ಹೇಳಿದರೆ ಸವಾಲಿನ ಕಟ್ಟೆಯ ಲೆಕ್ಕ ಬದಲಾದೀತು. ಕೊಳ್ಳುವ ತಾಯಂದಿರಲ್ಲಿ ಇನ್ನೊಂದು. ಪೊಟ್ಟಣದ ಮೇಲೆ ಜೈವಿಕ್ ಭಾರತ್ ಇಲ್ಲವೆ ಪಿಜಿಎಸ್ ಮುದ್ರೆಯ ಜೊತೆ ಪ್ರಮಾಣಪತ್ರದ ಸಂಖ್ಯೆ ಇದೆಯೇ ನೋಡಿ, ಬೆಲ್ಲ ಯಾವ ಗಾಣದಲ್ಲಿ ಇಳಿಯಿತು ಎಂದು ಕೇಳಿ. ಕಪ್ಪು ಬಣ್ಣವೊಂದೇ ಶುದ್ಧತೆಗೆ ಗುರುತಲ್ಲ, ಸೀದ ಬೆಲ್ಲವೂ ಜವಳು ನೆಲದ ಬೆಲ್ಲವೂ ಕಪ್ಪೇ. ಆದರೆ ಬೆಲ್ಲ ಹಳದಿಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಬದಿಗೆ ಸರಿಸಬೇಡಿ.